ಹೆಚ್ಚು ಇಳುವರಿಯೋ, ಹೆಚ್ಚು ಉಳಿತಾಯವೋ? ತೋಟದ ಖರ್ಚಿಗೆ ಕಲನಶಾಸ್ತ್ರದ ಅಳತೆಗೋಲು

ತೋಟಕ್ಕೆ ಎಷ್ಟು ಗೊಬ್ಬರ ಹಾಕಬೇಕು ಎಂಬ ಪ್ರಶ್ನೆಗೆ ನಮ್ಮ ಬೆಳೆಗಾರರಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ಸಿಗುತ್ತವೆ. "ಹಾಕಿದಷ್ಟೂ ಬೆಳೆ" ಎನ್ನುವವರು ಒಂದು ಕಡೆ. "ಧಾರಣೆ ಬಿದ್ದಿದೆ, ಈ ವರ್ಷ ಏನೂ ಹಾಕುವುದು ಬೇಡ" ಎನ್ನುವವರು ಇನ್ನೊಂದು ಕಡೆ. ಒಬ್ಬರೇ ಬೆಳೆಗಾರರು ಒಂದು ವರ್ಷ ಮೊದಲನೆಯದನ್ನೂ ಮಾರನೆಯ ವರ್ಷ ಎರಡನೆಯದನ್ನೂ ಹೇಳುವುದುಂಟು. ಧಾರಣೆ ಎಷ್ಟಿದ್ದರೆ ಎಷ್ಟು ಚೀಲ ಎಂಬ ಲೆಕ್ಕ ಮಾತ್ರ ಈ ಎರಡು ಮಾತುಗಳಲ್ಲಿಯೂ ಇಲ್ಲ. ನಾಲ್ಕೈದು ಎಕರೆಯ ಸಣ್ಣ ಹಿಡುವಳಿದಾರರಿಗೆ ಈ ಲೆಕ್ಕ ತಪ್ಪಿದರೆ ಆಗುವ ನಷ್ಟ, ವರ್ಷಕ್ಕೊಂದು ಮಗುವಿನ ವಿದ್ಯಾಭ್ಯಾಸದ ಖರ್ಚಿನಷ್ಟಾಗಬಹುದು.

ಅರ್ಥಶಾಸ್ತ್ರದಲ್ಲಿ ಒಂದು ಮನೆ, ಒಂದು ಅಂಗಡಿ, ಒಂದು ಜಮೀನು ಹೀಗೆ ಬಿಡಿಬಿಡಿಯಾಗಿ ಖರ್ಚು-ಆದಾಯಗಳನ್ನು ವಿಚಾರ ಮಾಡುವ ಭಾಗಕ್ಕೆ ಸೂಕ್ಷ್ಮ ಅರ್ಥಶಾಸ್ತ್ರವೆಂದು ಹೆಸರು. ಅದರ ಮುಖ್ಯ ಉಪಕರಣ ಕಲನಶಾಸ್ತ್ರ. ಪಿ.ಯು.ಸಿ.ಯಲ್ಲಿ ಅವಕಲನವನ್ನು ಬಾಯಿಪಾಠ ಮಾಡಿ ಪರೀಕ್ಷೆ ಮುಗಿದೊಡನೆ ಮರೆತವರು ನಮ್ಮ ಸದಸ್ಯರಲ್ಲಿ ಅನೇಕರಿದ್ದಾರೆ. ಮರೆತದ್ದನ್ನು ತೋಟದ ಅಂಚಿನಲ್ಲಿ ನಿಂತು ನೆನಪಿಸಿಕೊಂಡರೆ ಅದು ಬಹಳ ಉಪಯೋಗದ ವಿದ್ಯೆ. ಓದದವರಿಗೂ ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು. ಮುಂದಿನದನ್ನು ಇಲ್ಲಿ ವಿವರಿಸಿದೆ.

ಟೆಲೋ ಜಮೀನಿನ ಲೆಕ್ಕದ ಪುಸ್ತಕ

ಈ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿದವರಲ್ಲಿ ಒಬ್ಬ ಕೃಷಿಕನಿದ್ದ ಎಂಬುದು ನಮಗೆ ಸಂತೋಷದ ಸಂಗತಿ. ಯೋಹಾನ್ ಹೈನ್ರಿಚ್ ಫಾನ್ ಥ್ಯೂನೆನ್ (1783–1850) ಉತ್ತರ ಜರ್ಮನಿಯ ಮೆಕ್ಲೆನ್‌ಬುರ್ಗ್ ಸೀಮೆಯಲ್ಲಿ ಟೆಲೋ ಎಂಬ ಜಮೀನನ್ನು 1810ರಲ್ಲಿ ಕೊಂಡು, ಸಾಯುವವರೆಗೂ ಅದನ್ನು ನಡೆಸಿದರು. ಜಮೀನಿನ ಖರ್ಚು, ಆಳು, ಗೊಬ್ಬರ, ಫಸಲು, ಸಾಗಾಟ ಎಲ್ಲವನ್ನೂ ವರ್ಷಗಟ್ಟಲೆ ಬರೆದಿಟ್ಟರು. ಆ ಪುಸ್ತಕಗಳ ಆಧಾರದ ಮೇಲೆ 1826ರಲ್ಲಿ ತಮ್ಮ ಪ್ರಸಿದ್ಧ ಗ್ರಂಥದ ಮೊದಲ ಭಾಗವನ್ನು ಪ್ರಕಟಿಸಿದರು. ಎರಡನೆಯ ಭಾಗ 1850ರಲ್ಲಿ ಬಂತು.

ಆ ಎರಡನೆಯ ಭಾಗದಲ್ಲಿ ಆಲೂಗೆಡ್ಡೆ ಕೊಯ್ಲಿನ ಉದಾಹರಣೆ ಇದೆ. ಹೊಲದಲ್ಲಿ ಕೆಲವೇ ಆಳುಗಳಿದ್ದರೆ ಮೇಲೆ ಕಾಣುವ ಗೆಡ್ಡೆಗಳನ್ನಷ್ಟೇ ಆರಿಸುತ್ತಾರೆ. ಆಳು ಹೆಚ್ಚಿದಂತೆಲ್ಲ ಮಣ್ಣಿನಲ್ಲಿ ಉಳಿದ ಗೆಡ್ಡೆಯೂ ಸಿಗುತ್ತದೆ. ಆದರೆ ಹೊಸದಾಗಿ ಬಂದ ಪ್ರತಿಯೊಬ್ಬ ಆಳಿನಿಂದ ಸಿಗುವ ಹೆಚ್ಚುವರಿ ಗೆಡ್ಡೆ ಕಡಿಮೆಯಾಗುತ್ತ ಹೋಗುತ್ತದೆ. ಎಷ್ಟು ಆಳಿಗೆ ನಿಲ್ಲಿಸಬೇಕು? ಕೊನೆಯ ಆಳು ಹೆಕ್ಕಿದ ಗೆಡ್ಡೆಯ ಬೆಲೆಯೂ ಅವನ ಕೂಲಿಯೂ ಸರಿಸಮವಾದಾಗ, ಎಂದರು ಥ್ಯೂನೆನ್. ಹೊಲದಲ್ಲಿ ಒಂದು ಗೆಡ್ಡೆಯನ್ನೂ ಬಿಡಬಾರದು ಎಂಬುದು ಕೇಳಲು ಚೆಂದ, ಲೆಕ್ಕಕ್ಕೆ ಚೆಂದವಲ್ಲ.

ಉದುರಿದ ಅಡಿಕೆ ಹೆಕ್ಕಿಸುವವರಿಗೂ, ಕುಯ್ಲಾದ ಮೇಲೆ ಗಿಡದ ಬುಡದ ಕಾಫಿ ಆರಿಸುವವರಿಗೂ ಇದು ದಿನನಿತ್ಯದ ಪ್ರಶ್ನೆ. ಕಾಫಿಯಲ್ಲಿ ಮಾತ್ರ ಒಂದು ಎಚ್ಚರಿಕೆ ಬೇಕು. ಕಾಯಿಕೊರಕ ಹುಳು 1990ರಲ್ಲಿ ನೀಲಗಿರಿಯ ಗೂಡಲೂರಿನಲ್ಲಿ ಮೊದಲು ಕಂಡುಬಂದ ಮೇಲೆ, ಬುಡದಲ್ಲಿ ಬಿಟ್ಟ ಕಾಯಿ ಬರಿಯ ಬಿಟ್ಟ ಕಾಯಿಯಲ್ಲ. ಅದು ಮುಂದಿನ ವರ್ಷದ ಹುಳುವಿಗೆ ಮನೆ. ಆದ್ದರಿಂದ ಕೊನೆಯ ಆಳಿನ ಫಲವನ್ನು ಅಳೆಯುವಾಗ ಹೆಕ್ಕಿದ ಕಾಯಿಯ ಬೆಲೆಯ ಜೊತೆಗೆ ತಪ್ಪಿದ ನಷ್ಟವನ್ನೂ ಸೇರಿಸಬೇಕು. ಥ್ಯೂನೆನ್ನರ ಸೂತ್ರ ಹಾಗೆಯೇ ನಿಲ್ಲುತ್ತದೆ. ಅದರೊಳಗೆ ಹಾಕುವ ಅಂಕಿ ಬದಲಾಗುತ್ತದೆ.

ಚೀಲದಿಂದ ಚೀಲಕ್ಕೆ

ಈಗ ಗೊಬ್ಬರಕ್ಕೆ ಬರೋಣ. ಕೆಳಗಿನ ಅಂಕಿಗಳು ಲೆಕ್ಕ ಸುಲಭವಾಗಲೆಂದು ಕಲ್ಪಿಸಿದವು. ಯಾವುದೇ ತೋಟದ ದಾಖಲೆಯಲ್ಲ. ಒಂದು ಎಕರೆ ತೋಟಕ್ಕೆ ಏನೂ ಹಾಕದಿದ್ದರೆ 600 ಕಿಲೋ ಒಣ ಮಾಲು ಬರುತ್ತದೆಂದು ಇಟ್ಟುಕೊಳ್ಳೋಣ. ಒಂದೊಂದೇ ಚೀಲ ಮಿಶ್ರಗೊಬ್ಬರ ಹೆಚ್ಚಿಸಿದರೆ ಹೀಗಾಗುತ್ತದೆ:

1 ಚೀಲ – 675 ಕಿಲೋ (ಹೆಚ್ಚಳ 75)
2 ಚೀಲ – 740 ಕಿಲೋ (ಹೆಚ್ಚಳ 65)
3 ಚೀಲ – 795 ಕಿಲೋ (ಹೆಚ್ಚಳ 55)
4 ಚೀಲ – 840 ಕಿಲೋ (ಹೆಚ್ಚಳ 45)
5 ಚೀಲ – 875 ಕಿಲೋ (ಹೆಚ್ಚಳ 35)
6 ಚೀಲ – 900 ಕಿಲೋ (ಹೆಚ್ಚಳ 25)
7 ಚೀಲ – 915 ಕಿಲೋ (ಹೆಚ್ಚಳ 15)
8 ಚೀಲ – 920 ಕಿಲೋ (ಹೆಚ್ಚಳ 5)
9 ಚೀಲ – 915 ಕಿಲೋ (5 ಕಿಲೋ ಕಡಿಮೆ)

ಮೊದಲ ಚೀಲ 75 ಕಿಲೋ ತಂದಿತು, ಎಂಟನೆಯದು ಐದೇ ಕಿಲೋ. ಇದೇ ಇಳಿಮುಖ ಪ್ರತಿಫಲ. ಎಕರೆಗೆ ಅತಿ ಹೆಚ್ಚು ಇಳುವರಿ ಬೇಕೆನ್ನುವವರು ಎಂಟು ಚೀಲ ಹಾಕುತ್ತಾರೆ. ಇಳುವರಿಗೆ ಬಹುಮಾನ ಕೊಡುವ ಸಮಾರಂಭಗಳು ಅಲ್ಲಲ್ಲಿ ನಡೆಯುತ್ತವೆ; ಎಕರೆಗೆ ಅತಿ ಹೆಚ್ಚು ಉಳಿಸಿದವರಿಗೆ ಬಹುಮಾನ ಕೊಟ್ಟ ಸಮಾರಂಭವನ್ನು ನಾವಂತೂ ಕಂಡಿಲ್ಲ.

ಒಂದು ಚೀಲದ ಬೆಲೆ, ಅದನ್ನು ತಂದು ಬುಡ ಬಿಡಿಸಿ ಹಾಕುವ ಆಳಿನ ಸಂಬಳ ಸೇರಿ 2,000 ರೂಪಾಯಿ ಎನ್ನೋಣ. ಮಾಲಿಗೆ ಕಿಲೋವಿಗೆ 200 ರೂಪಾಯಿ ಹಿಡಿಯೋಣ. ಈ 200 ರೂಪಾಯಿ ಮಂಡಿಯಲ್ಲಿ ಕೂಗಿದ ಧಾರಣೆಯಲ್ಲ. ಹೆಚ್ಚು ಬಂದ ಪ್ರತಿ ಕಿಲೋವನ್ನೂ ಕೊಯ್ಯಬೇಕು, ಒಣಗಿಸಬೇಕು, ಅಡಿಕೆಯಾದರೆ ಸುಲಿಸಬೇಕು, ಸಾಗಿಸಬೇಕು. ಆ ಖರ್ಚನ್ನೆಲ್ಲ ಧಾರಣೆಯಿಂದ ಕಳೆದು ಕೈಯಲ್ಲಿ ನಿಲ್ಲುವ ಮೊತ್ತವನ್ನೇ ಇಲ್ಲಿ ಹಿಡಿಯಬೇಕು. ಗೊಬ್ಬರದ ಲೆಕ್ಕ ಹಾಕುವವರು ಅತಿ ಹೆಚ್ಚಾಗಿ ಮರೆಯುವುದು ಇದನ್ನೇ.

ಏಳನೆಯ ಚೀಲ ತಂದ 15 ಕಿಲೋವಿಗೆ 3,000 ರೂಪಾಯಿ; ಖರ್ಚು 2,000. ಹಾಕಬಹುದು. ಎಂಟನೆಯದು ತಂದ 5 ಕಿಲೋವಿಗೆ 1,000 ರೂಪಾಯಿ. ಖರ್ಚು ಅದೇ 2,000. ಅತಿ ಹೆಚ್ಚು ಇಳುವರಿ ಕೊಟ್ಟ ಚೀಲವೇ ಸಾವಿರ ರೂಪಾಯಿ ನುಂಗಿತು.

ಅವಕಲನ ಎಂದರೇನು?

ಮೇಲಿನ ಪಟ್ಟಿಯ ಹಿಂದೆ ಒಂದು ಸೂತ್ರವಿದೆ. ಚೀಲಗಳ ಸಂಖ್ಯೆಯನ್ನು 'ಗ' ಎಂದೂ ಇಳುವರಿಯನ್ನು 'ಇ' ಎಂದೂ ಕರೆದರೆ,

ಇ = 600 + 80ಗ − 5ಗ²

ಆಸಕ್ತಿಯುಳ್ಳವರು ಗ ಇದ್ದ ಕಡೆ 1, 2, 3 ಹಾಕಿ ಪಟ್ಟಿಯೊಡನೆ ತಾಳೆ ನೋಡಬಹುದು.

ಏಳು ಚೀಲ ಹಾಕಿಯಾಗಿದೆ. ಇನ್ನು ಸ್ವಲ್ಪ ಹಾಕಿದರೆ ಯಾವ ವೇಗದಲ್ಲಿ ಇಳುವರಿ ಏರುತ್ತದೆ? ಪೂರ್ತಿ ಚೀಲ ಹಾಕಿದರೆ 5 ಕಿಲೋ. ಅರ್ಧ ಚೀಲ ಹಾಕಿದರೆ 3.75 ಕಿಲೋ, ಅಂದರೆ ಚೀಲಕ್ಕೆ 7.5 ಕಿಲೋವಿನ ವೇಗ. ಚೀಲದ ಹತ್ತನೆಯ ಒಂದು ಭಾಗ ಹಾಕಿದರೆ 0.95 ಕಿಲೋ, ವೇಗ ಚೀಲಕ್ಕೆ 9.5. ನೂರನೆಯ ಒಂದು ಭಾಗಕ್ಕೆ ವೇಗ 9.95. ಹೆಚ್ಚಿಸುವ ಪ್ರಮಾಣವನ್ನು ಕಿರಿದು ಮಾಡಿದಷ್ಟೂ ವೇಗ 10ರ ಹತ್ತಿರ ಹೋಗುತ್ತದೆ, ಅದನ್ನು ದಾಟುವುದಿಲ್ಲ. ಆ 10 ಎಂಬುದೇ ಏಳು ಚೀಲದ ಹಂತದಲ್ಲಿ ಇಳುವರಿಯ ಅವಕಲನ. ಅರ್ಥಶಾಸ್ತ್ರಜ್ಞರು ಇದನ್ನು ಸೀಮಾಂತ ಉತ್ಪನ್ನ ಎನ್ನುತ್ತಾರೆ.

ಪ್ರತಿ ಸಲ ಇಷ್ಟು ಕಷ್ಟಪಡಬೇಕಾಗಿಲ್ಲ. ಗ ಜೊತೆಗೆ ಚಿಕ್ಕದೊಂದು ಪ್ರಮಾಣ 'ಚ' ಸೇರಿಸಿ ಲೆಕ್ಕ ಬಿಡಿಸಿದರೆ ಇಳುವರಿಯ ಹೆಚ್ಚಳ 80ಚ − 10ಗಚ − 5ಚ² ಎಂದು ಬರುತ್ತದೆ. ಇದನ್ನು ಚ ಇಂದ ಭಾಗಿಸಿದರೆ 80 − 10ಗ − 5ಚ. ಚ ಸೊನ್ನೆಯತ್ತ ಹೋದಾಗ ಕೊನೆಯ ಪದ ಕರಗಿ 80 − 10ಗ ಉಳಿಯುತ್ತದೆ. ಗ 7 ಆದಾಗ ಅದು 10. ಸೂತ್ರದಲ್ಲಿದ್ದ 600 ಎಲ್ಲಿಯೂ ಕಾಣಿಸಲಿಲ್ಲ ಎಂಬುದನ್ನು ಗಮನಿಸಬೇಕು. ಬದಲಾಗದ ಸಂಖ್ಯೆಯ ಅವಕಲನ ಸೊನ್ನೆ. ಇದರ ಮಹತ್ವ ಮುಂದೆ ತಿಳಿಯುತ್ತದೆ.

ಈ ವಿಚಾರ ಪಶ್ಚಿಮದ ನ್ಯೂಟನ್, ಲೈಬ್‌ನಿಟ್ಸ್ ಅವರ ಕಾಲಕ್ಕೆ, ಅಂದರೆ 17ನೆಯ ಶತಮಾನಕ್ಕೆ ಪೂರ್ಣರೂಪ ಪಡೆಯಿತು. ಆದರೆ ನಮ್ಮ ಭಾಸ್ಕರಾಚಾರ್ಯರು 1150ರ ಸಿದ್ಧಾಂತ ಶಿರೋಮಣಿಯಲ್ಲಿಯೇ ಗ್ರಹಗಳ ಚಲನೆಯನ್ನು ದಿನದ ಸರಾಸರಿಯಿಂದ ಅಳೆಯದೆ ಆ ಕ್ಷಣದ ವೇಗದಿಂದ ಅಳೆದು, ಅದಕ್ಕೆ ತಾತ್ಕಾಲಿಕ ಗತಿ ಎಂಬ ಹೆಸರು ಕೊಟ್ಟಿದ್ದರು. ನಮ್ಮ ಗೊಬ್ಬರದ ಲೆಕ್ಕಕ್ಕೂ ಆ ಮಾತು ಚೆನ್ನಾಗಿ ಒಪ್ಪುತ್ತದೆ: ಸರಾಸರಿ ಬೇಡ, ಈಗ ನಿಂತ ಜಾಗದ ಗತಿ ಬೇಕು.

ಗುಡ್ಡದ ನೆತ್ತಿ

ಲಾಭವೆಂದರೆ ಮಾಲಿನ ಹಣದಲ್ಲಿ ಗೊಬ್ಬರದ ಹಣ ಕಳೆದು ಉಳಿದದ್ದು. ಚೀಲ ಹೆಚ್ಚಿಸುತ್ತ ಹೋದಂತೆ ಲಾಭ ಗುಡ್ಡ ಹತ್ತಿದಂತೆ ಏರಿ, ಒಂದು ಕಡೆ ನೆತ್ತಿ ಮುಟ್ಟಿ, ಆಮೇಲೆ ಇಳಿಯುತ್ತದೆ. ನೆತ್ತಿಯ ಮೇಲೆ ನೆಲ ಸಮತಟ್ಟು. ಅಲ್ಲಿ ಏರೂ ಇಲ್ಲ, ಇಳಿತವೂ ಇಲ್ಲ. ಆದ್ದರಿಂದ ಲಾಭದ ಅವಕಲನ ಸೊನ್ನೆಯಾಗುವ ಜಾಗ ಹುಡುಕಿದರೆ ನೆತ್ತಿ ಸಿಗುತ್ತದೆ:

200 × (80 − 10ಗ) − 2,000 = 0

ಅಂದರೆ 80 − 10ಗ = 10; ಗ = 7. ಮಾತಿನಲ್ಲಿ ಹೇಳುವುದಾದರೆ, ಗೊಬ್ಬರದ ಚೀಲದ ಬೆಲೆಯನ್ನು ಮಾಲಿನ ಕಿಲೋ ಬೆಲೆಯಿಂದ ಭಾಗಿಸಿ. ಬಂದ ಸಂಖ್ಯೆಯಷ್ಟು ಕಿಲೋವನ್ನು ಕೊನೆಯ ಚೀಲ ತರುತ್ತಿದೆಯೇ ನೋಡಿ. ಹೆಚ್ಚು ತರುತ್ತಿದ್ದರೆ ಇನ್ನೂ ಹಾಕಬಹುದು, ಕಡಿಮೆಯಾದರೆ ಆಗಲೇ ಅತಿಯಾಗಿದೆ.

ಏರಿಳಿತವಿಲ್ಲದ ಜಾಗವೆಲ್ಲ ನೆತ್ತಿಯೇ ಆಗಬೇಕೆಂದಿಲ್ಲ. ಹೊಂಡದ ತಳವೂ ಸಮತಟ್ಟೇ. ನಮ್ಮ ಮಲೆನಾಡಿನ ಹುಳಿ ಮಣ್ಣಿಗೆ ಸುಣ್ಣ ಕೊಡದೆ ಗೊಬ್ಬರ ಹಾಕಿದರೆ ಮೊದಲ ಚೀಲಗಳು ಗಿಡಕ್ಕೆ ಸರಿಯಾಗಿ ದಕ್ಕದೆ ಹೋಗಬಹುದು. ಅಂಥಲ್ಲಿ ಲಾಭ ಮೊದಲು ಇಳಿದು ಆಮೇಲೆ ಏರುವ ಸಂಭವವಿದೆ. ಅದಕ್ಕಾಗಿ ಗಣಿತದಲ್ಲಿ ಎರಡನೆಯ ಬಾರಿ ಅವಕಲನ ಮಾಡಿ, ಬಂದದ್ದು ಋಣವೇ ಎಂದು ಪರೀಕ್ಷಿಸುತ್ತಾರೆ. ನಮ್ಮ ಉದಾಹರಣೆಯಲ್ಲಿ ಪ್ರತಿ ಚೀಲಕ್ಕೂ ಗತಿ 10 ಕಿಲೋ ಕಡಿಮೆಯಾಗುತ್ತಲೇ ಇರುವುದರಿಂದ ಆ ಭಯವಿಲ್ಲ.

ಈಗ ನಮ್ಮ ದೃಷ್ಟಿಯಲ್ಲಿ ಅತ್ಯಂತ ಉಪಯುಕ್ತವಾದ ವಿಷಯ. ಗೊಬ್ಬರದ ಖರ್ಚು ಕಳೆದು ಉಳಿಯುವ ಹಣ ನೋಡಿ: ಏಳು ಚೀಲಕ್ಕೆ 1,69,000 ರೂಪಾಯಿ. ಆರಕ್ಕೆ 1,68,000, ಎಂಟಕ್ಕೂ 1,68,000. ನಾಲ್ಕಕ್ಕೆ 1,60,000. ಮೂರಕ್ಕೆ 1,53,000. ನೆತ್ತಿಯಿಂದ ಒಂದು ಚೀಲ ಆಚೀಚೆಯಾದರೆ ಹೋಗುವುದು ಸಾವಿರ. ಮೂರು ಚೀಲ ತಪ್ಪಿದರೆ ಒಂಬತ್ತು ಸಾವಿರ. ನಾಲ್ಕು ತಪ್ಪಿದರೆ ಹದಿನಾರು ಸಾವಿರ. ತಪ್ಪು ಇಮ್ಮಡಿಯಾದರೆ ನಷ್ಟ ನಾಲ್ಮಡಿ. ನೆತ್ತಿಯ ಸುತ್ತ ನೆಲ ಚಪ್ಪಟೆಯಾಗಿರುವುದರಿಂದ ಸ್ವಲ್ಪ ತಪ್ಪಿದರೆ ಹೆಚ್ಚು ಕೆಡುಕಿಲ್ಲ. ಆರೂವರೆಯೋ ಏಳೋ ಎಂದು ಅಣ್ಣತಮ್ಮಂದಿರು ಜಗಳವಾಡುವುದು ವ್ಯರ್ಥ. ಏಳು ಬೇಕಾದ ಕಡೆ ಮೂರು ಹಾಕುತ್ತಿರುವವರು ಮಾತ್ರ ಎಚ್ಚರಗೊಳ್ಳಬೇಕು.

ಧಾರಣೆ ಬಿದ್ದಾಗ

2001–02ರ ಸುಮಾರಿಗೆ ಕಾಫಿ ಬೆಲೆ ಪಾತಾಳಕ್ಕಿಳಿದಿದ್ದನ್ನು ಹಿರಿಯ ಬೆಳೆಗಾರರು ಮರೆತಿಲ್ಲ. ಅಂಥ ಕಾಲದಲ್ಲಿ ಗೊಬ್ಬರವನ್ನೇ ನಿಲ್ಲಿಸಿಬಿಡುವ ಮನಸ್ಸಾಗುತ್ತದೆ. ಲೆಕ್ಕ ಏನು ಹೇಳುತ್ತದೆ? ಕೈಗೆ ಸಿಗುವ ಬೆಲೆ 200ರಿಂದ 100ಕ್ಕೆ ಇಳಿದರೆ ಭಾಗಲಬ್ಧ 20; ಆಗ 80 − 10ಗ = 20, ಗ = 6. ಬೆಲೆ ಅರ್ಧವಾದರೂ ಇಳಿದದ್ದು ಒಂದೇ ಚೀಲ. ಬೆಲೆ 50 ರೂಪಾಯಿಗೆ ಬಂದರೂ ನಾಲ್ಕು ಚೀಲ ಹಾಕುವುದೇ ಲಾಭ. ಮೊದಲ ಚೀಲಗಳ ಫಲ ಅಷ್ಟು ದೊಡ್ಡದು. ಅವುಗಳನ್ನೂ ನಿಲ್ಲಿಸುವುದು ಕೈಗೆ ಬಂದ ಹಣ ಬಿಟ್ಟಂತೆ.

ಹಾಗಾದರೆ ಏನೂ ಹಾಕದಿರುವುದು ಯಾವಾಗ ಸರಿ? ಸೊನ್ನೆ ಚೀಲದ ಹಂತದಲ್ಲಿ ಗತಿ ಚೀಲಕ್ಕೆ 80 ಕಿಲೋ. ಕಿಲೋವಿಗೆ 25 ರೂಪಾಯಿಗಿಂತ ಕಡಿಮೆ ಸಿಕ್ಕಿದರೆ ಈ 80 ಕಿಲೋವಿನ ಹಣ 2,000 ಆಗುವುದಿಲ್ಲ. ಆಗ ಗುಡ್ಡದ ನೆತ್ತಿ ನಮ್ಮ ಬೇಲಿಯ ಹೊರಗಿದೆ. ಬೇಲಿಯ ಅಂಚಿನಲ್ಲಿ, ಅಂದರೆ ಸೊನ್ನೆಯಲ್ಲಿ, ನಿಲ್ಲಬೇಕು. ಇಂಥಲ್ಲಿ ಅವಕಲನ ಸೊನ್ನೆಯಾಗಲಿ ಎಂದು ಸಮೀಕರಣ ಬಿಡಿಸಿದರೆ ಋಣ ಚೀಲದ ಉತ್ತರ ಬರುತ್ತದೆ. ಹಾಕಿದ ಗೊಬ್ಬರವನ್ನು ಅಂಗಡಿಗೆ ವಾಪಸು ಮಾಡುವ ಉಪಾಯ ತಿಳಿದವರಿಗೆ ಅದು ಉಪಯೋಗವಾಗಬಹುದು.

ಆಗಲೇ ಹೇಳಿದ 600ರ ಮಾತನ್ನು ಈಗ ನೆನೆಯೋಣ. ಬದಲಾಗದ ಸಂಖ್ಯೆ ಅವಕಲನದಲ್ಲಿ ಮಾಯವಾಗುತ್ತದೆ. ಬ್ಯಾಂಕಿನ ಹಳೆಯ ಕಂತು, ಕಂದಾಯ, ಬೇಲಿಯ ಖರ್ಚು, ಕಾವಲುಗಾರನ ಸಂಬಳ, ಇವು ಎಷ್ಟು ಚೀಲ ಹಾಕಿದರೂ ಅಷ್ಟೇ. ಆದುದರಿಂದ ಇವು ಚೀಲದ ಸಂಖ್ಯೆಯನ್ನು ನಿರ್ಧರಿಸುವುದಿಲ್ಲ. "ಸಾಲ ತೀರಬೇಕು, ಆದ್ದರಿಂದ ಗೊಬ್ಬರ ಹೆಚ್ಚು ಹಾಕುತ್ತೇನೆ" ಎಂಬ ಮಾತಿನಲ್ಲಿ ಸಂಕಟವಿದೆ, ಲೆಕ್ಕವಿಲ್ಲ. ಸಾಲ ಇದ್ದರೂ ಇಲ್ಲದಿದ್ದರೂ ನೆತ್ತಿ ಇರುವುದು ಏಳರಲ್ಲೇ.

ಇಲ್ಲಿಯವರೆಗಿನ ಲೆಕ್ಕ ಒಂದು ಹಂಗಾಮಿನಲ್ಲಿ ಮುಗಿಯುವ ಬೆಳೆಗೆ ಚೆನ್ನಾಗಿ ಹೊಂದುತ್ತದೆ. ಅಮೆರಿಕದ ಅಯೋವಾದಲ್ಲಿ ಅರ್ಲ್ ಹೆಡಿ ಮತ್ತು ಜಾನ್ ಪೆಸೆಕ್ ಎಂಬವರು 1954ರಲ್ಲಿ ಮುಸುಕಿನ ಜೋಳಕ್ಕೆ ಸಾರಜನಕವನ್ನೂ ರಂಜಕವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಕೊಟ್ಟು, ಇದೇ ರೀತಿಯ ಸೂತ್ರ ಕಟ್ಟಿ, ಯಾವ ಬೆಲೆಗೆ ಎಷ್ಟು ಎಂದು ತೋರಿಸಿದರು. ನಮ್ಮದು ಮರ-ಗಿಡಗಳ ಬೆಳೆ. ಕಾಫಿ ಗಿಡ ಈ ವರ್ಷ ಬೆಳೆಸಿದ ರೆಕ್ಕೆಯಲ್ಲಿ ಮುಂದಿನ ವರ್ಷ ಕಾಯಿ ಕಟ್ಟುತ್ತದೆ. ಆದ್ದರಿಂದ ಈ ವರ್ಷದ ಚೀಲದ ಫಲದ ಒಂದು ಪಾಲು ಮುಂದಿನ ವರ್ಷದ ಕಣದಲ್ಲಿದೆ. ಉದಾಹರಣೆಗೆ ಕೊನೆಯ ಚೀಲ ಈ ವರ್ಷ 10 ಕಿಲೋ, ಮುಂದಿನ ವರ್ಷ 5.6 ಕಿಲೋ ತರುವುದಾದರೆ, ವರ್ಷಕ್ಕೆ ಶೇಕಡ 12 ಬಡ್ಡಿಯ ಲೆಕ್ಕದಲ್ಲಿ ಮುಂದಿನ ವರ್ಷದ 5.6 ಇಂದಿನ 5ಕ್ಕೆ ಸಮ. ಒಟ್ಟು ಫಲ 15 ಎಂದು ಹಿಡಿಯಬೇಕು. ಬೆಲೆ ಬಿದ್ದ ವರ್ಷ ಗೊಬ್ಬರ ಪೂರ್ತಿ ನಿಲ್ಲಿಸಿದವರು, ಬೆಲೆ ಏರಿದ ವರ್ಷ ಬರಿಯ ಗಿಡ ನೋಡುತ್ತ ಕೂರುವುದು ಇದೇ ಕಾರಣದಿಂದ.

ಹಣ ಸಾಲದಿದ್ದಾಗ ಹಂಚುವ ಬಗೆ

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್ ಎಂಬ ಶಿಫಾರಸು ಎಲ್ಲರಿಗೂ ತಿಳಿದದ್ದೇ. ಆದರೆ ಶಿಫಾರಸಿನಷ್ಟು ಕೊಳ್ಳುವ ಹಣ ಎಷ್ಟೋ ವರ್ಷ ಕೈಯಲ್ಲಿರುವುದಿಲ್ಲ. ಅಂಥ ವರ್ಷ, ಇದ್ದದ್ದನ್ನು ಕಾಫಿಗೆ ಹಾಕಬೇಕೋ, ಅಡಿಕೆಗೋ? ಸಮಪಾಲು ಮಾಡುವವರುಂಟು, ಒಳ್ಳೆಯ ತೋಟಕ್ಕೇ ಸುರಿಯುವವರೂ ಉಂಟು.

ಎರಡು ತುಂಡು ತೋಟ ಎಂದಿಟ್ಟುಕೊಳ್ಳಿ. ಮೊದಲನೆಯದು ಮೇಲಿನ ಉದಾಹರಣೆಯದೇ. ಅದರಲ್ಲಿ ಗೊಬ್ಬರದಿಂದ ಬರುವ ಹೆಚ್ಚುವರಿ ಹಣದ ಗತಿ 16,000 − 2,000ಗ. ಎರಡನೆಯದು ಸ್ವಲ್ಪ ಸೊರಗಿದ ತುಂಡು. ಅದರ ಗತಿ 10,000 − 2,000ಗ. ಹಣವಿದ್ದಿದ್ದರೆ ಮೊದಲನೆಯದಕ್ಕೆ ಏಳು, ಎರಡನೆಯದಕ್ಕೆ ನಾಲ್ಕು, ಒಟ್ಟು ಹನ್ನೊಂದು ಚೀಲ ಹಾಕಬೇಕಿತ್ತು. ಕೈಯಲ್ಲಿರುವುದು ಎಂಟೇ ಚೀಲ.

ಸಮಪಾಲು ಮಾಡಿ ನಾಲ್ಕು-ನಾಲ್ಕು ಹಾಕಿದರೆ ಹೆಚ್ಚುವರಿ ಆದಾಯ 48,000 ಮತ್ತು 24,000, ಒಟ್ಟು 72,000. ಒಳ್ಳೆಯ ತುಂಡಿಗೆ ಏಳು, ಇನ್ನೊಂದಕ್ಕೆ ಒಂದು ಹಾಕಿದರೆ 63,000 ಮತ್ತು 9,000, ಅದೂ 72,000. ಸಮಪಾಲಿನವರೂ ಸುರಿಯುವವರೂ ಒಂದೇ ಕಡೆ ಬಂದು ನಿಂತರು! ಸರಿಯಾದ ಹಂಚಿಕೆಯೆಂದರೆ ಎರಡೂ ತುಂಡಿನ ಕೊನೆಯ ಚೀಲದ ಗತಿ ಸಮವಾಗುವುದು. ಒಂದು ಕಡೆ ಗತಿ ಹೆಚ್ಚಿದ್ದರೆ, ಕಡಿಮೆ ಇರುವ ಕಡೆಯಿಂದ ಒಂದು ಬುಟ್ಟಿ ತೆಗೆದು ಆ ಕಡೆ ಹಾಕಿದರೆ ಲಾಭವಲ್ಲವೇ? ಹಾಗೆ ಬದಲಾಯಿಸಿ ಲಾಭವಿಲ್ಲದ ಹಂತವೇ ನೆತ್ತಿ. ಲೆಕ್ಕ ಬಿಡಿಸಿದರೆ ಮೊದಲನೆಯದಕ್ಕೆ ಐದೂವರೆ, ಎರಡನೆಯದಕ್ಕೆ ಎರಡೂವರೆ ಚೀಲ; ಆದಾಯ 57,750 ಮತ್ತು 18,750, ಒಟ್ಟು 76,500. ಒಂದು ಹಿಡಿ ಗೊಬ್ಬರ ಹೆಚ್ಚು ಕೊಳ್ಳದೆ 4,500 ರೂಪಾಯಿ ಹೆಚ್ಚು ಬಂತು.

ಇಂಥ ಮಿತಿಯೊಳಗಿನ ಲೆಕ್ಕದ ವಿಧಾನ ಲಾಗ್ರಾಂಜ್ (1736–1813) ಎಂಬ ಗಣಿತಜ್ಞರದು. ಅವರ ವಿಧಾನದಲ್ಲಿ ಉತ್ತರದ ಜೊತೆಗೆ ಇನ್ನೊಂದು ಸಂಖ್ಯೆಯೂ ಸಿಗುತ್ತದೆ: ಮಿತಿಯನ್ನು ಸ್ವಲ್ಪ ಸಡಿಲಿಸಿದರೆ ಎಷ್ಟು ಲಾಭ ಎಂಬುದು. ಇಲ್ಲಿ ಎರಡೂ ತುಂಡುಗಳಲ್ಲಿ ಗತಿ ಚೀಲಕ್ಕೆ 5,000 ರೂಪಾಯಿ. 2,000 ರೂಪಾಯಿಯ ಚೀಲ 5,000 ತರುವ ಹಂತದಲ್ಲಿ ನಾವು ಹಣವಿಲ್ಲದೆ ನಿಂತಿದ್ದೇವೆ ಎಂದರ್ಥ. ಸಂಘದಿಂದ ಬೆಳೆಸಾಲ ತೆಗೆಯಬೇಕೋ ಬೇಡವೋ ಎಂಬುದನ್ನು ಈ ಸಂಖ್ಯೆ ನೋಡಿ ತೀರ್ಮಾನಿಸಬಹುದು. ಗತಿ 2,200ಕ್ಕೆ ಇಳಿದ ಮೇಲೆ ಶೇಕಡ 12ರ ಬಡ್ಡಿಗೆ ಸಾಲ ತಂದು ಗೊಬ್ಬರ ಹಾಕುವುದರಲ್ಲಿ ಅರ್ಥವಿಲ್ಲ.

ಮಾಲು ಇಡಬೇಕೋ, ಕೊಡಬೇಕೋ?

ಇದುವರೆಗೆ ಬೆಲೆಯನ್ನು ನಾವು ಬದಲಾಯಿಸಲಾರೆವು ಎಂದೇ ಹಿಡಿದೆವು. 1838ರಲ್ಲಿ ಫ್ರಾನ್ಸಿನ ಕೂರ್ನೊ ತಮ್ಮ ಪುಸ್ತಕದಲ್ಲಿ ಖನಿಜ ನೀರಿನ ಬುಗ್ಗೆಯೊಂದರ ಒಬ್ಬನೇ ಒಡೆಯನನ್ನು ಕಲ್ಪಿಸಿ, ಅವನು ಯಾವ ಬೆಲೆ ಇಟ್ಟರೆ ಅತಿ ಹೆಚ್ಚು ಹಣ ಎಂದು ಅವಕಲನದಿಂದ ಕಂಡುಹಿಡಿದರು. ಆ ಒಡೆಯ ಬೆಲೆ ಇಡಬಲ್ಲ. ಮಂಡಿಗೆ ಹತ್ತು ಮೂಟೆ ತರುವವರಿಗೆ ಆ ಭಾಗ್ಯವಿಲ್ಲ. ಧಾರಣೆ ಕುಸಿದಿದ್ದ ಕಾಲದಲ್ಲಿ, 1973ರಲ್ಲಿ, ಮಂಗಳೂರಿನಲ್ಲಿ ಕ್ಯಾಂಪ್ಕೊ ಹುಟ್ಟಿದ್ದು ಒಬ್ಬೊಬ್ಬರಿಂದ ಆಗದ್ದು ಒಟ್ಟಾದರೆ ಆದೀತೆಂದೇ.

ಬೆಲೆ ನಮ್ಮ ಕೈಯಲ್ಲಿಲ್ಲದಿದ್ದರೂ ಮಾರುವ ದಿನ ಕೈಯಲ್ಲಿದೆ. ಕಾಫಿ ಮಂಡಳಿಯ ಪೂಲ್ ಪದ್ಧತಿ ಇದ್ದಾಗ ಕಾಫಿಯವರಿಗೆ ಅದೂ ಇರಲಿಲ್ಲ. 1990ರ ದಶಕದಲ್ಲಿ ಹಂತಹಂತವಾಗಿ ಮುಕ್ತ ಮಾರಾಟ ಬಂದ ಮೇಲೆ ಅಡಿಕೆಯವರ ಚಿಂತೆ ಕಾಫಿಯವರಿಗೂ ಬಂತು. ಇದಕ್ಕೂ ಅದೇ ಅಳತೆಗೋಲು. ಕಿಲೋವಿಗೆ 400 ರೂಪಾಯಿಯ ಮಾಲನ್ನು ಒಂದು ತಿಂಗಳು ಇಟ್ಟರೆ, ವರ್ಷಕ್ಕೆ ಶೇಕಡ 12ರಂತೆ 4 ರೂಪಾಯಿ ಬಡ್ಡಿ ಹೋಯಿತು. ಗೋದಾಮಿನ ಬಾಡಿಗೆ, ತೂಕದ ಕಡಿತ, ಹುಳುವಿನ ನಷ್ಟಕ್ಕೆ ಒಂದು ರೂಪಾಯಿ ಸೇರಿಸಿ. ಧಾರಣೆ ತಿಂಗಳಿಗೆ 5 ರೂಪಾಯಿಗಿಂತ ಹೆಚ್ಚು ಏರುವ ಗತಿಯಲ್ಲಿದ್ದರೆ ಇಡಬಹುದು. ಏರುತ್ತಿದ್ದರೂ ಗತಿ 5ಕ್ಕಿಂತ ಕೆಳಗಿಳಿದರೆ ಕೊಡಬೇಕು. "ಇನ್ನೂ ಏರುತ್ತಿದೆಯಲ್ಲ" ಎಂದು ಕಾಯುವವರು ನೋಡುವುದು ಬೆಲೆಯನ್ನು, ನೋಡಬೇಕಾದದ್ದು ಗತಿಯನ್ನು. ಸ್ವಂತ ಮಾಲು, ಸಾಲವಿಲ್ಲ ಎನ್ನುವವರಿಗೂ ಬಡ್ಡಿ ತಪ್ಪದು. ಮಾರಿದ ಹಣ ಠೇವಣಿಯಲ್ಲಿದ್ದರೆ ಬರುತ್ತಿದ್ದ ಬಡ್ಡಿಯನ್ನು ಅವರು ಬಿಟ್ಟಿದ್ದಾರೆ. ಮುಂದಿನ ತಿಂಗಳ ಧಾರಣೆ ಎಷ್ಟೆಂದು ಕಲನಶಾಸ್ತ್ರ ಹೇಳಲಾರದು. ಎಷ್ಟು ಏರಿದರೆ ಕಾದದ್ದು ಸಾರ್ಥಕ ಎಂಬುದನ್ನಷ್ಟೇ ಹೇಳುತ್ತದೆ.

ಕಾಫಿ ತೋಟದ ಸಿಲ್ವರ್ ಓಕ್ ಮರ ಕಡಿಯುವ ವಯಸ್ಸನ್ನೂ ಹೀಗೆಯೇ ನೋಡಬಹುದು: ಮರದ ಬೆಲೆ ಏರುವ ಗತಿ, ಆ ಹಣದ ಬಡ್ಡಿಗೆ ಸಮವಾಗುವವರೆಗೆ ಬಿಡುವುದು. ಜರ್ಮನಿಯ ಅರಣ್ಯತಜ್ಞ ಮಾರ್ಟಿನ್ ಫೌಸ್ಟ್‌ಮಾನ್ 1849ರಲ್ಲಿ ಇದಕ್ಕೊಂದು ತಿದ್ದುಪಡಿ ತಂದರು. ಹಳೆಯ ಮರ ನಿಂತ ಜಾಗದಲ್ಲಿ ಹೊಸ ಮರ ಬೆಳೆಯಬಹುದಾದ್ದರಿಂದ ಆ ನೆಲದ ಬಾಡಿಗೆಯನ್ನೂ ಸೇರಿಸಬೇಕು. ಸೇರಿಸಿದರೆ ಕಡಿಯುವ ವರ್ಷ ಸ್ವಲ್ಪ ಮುಂಚೆ ಬರುತ್ತದೆ. ನೆರಳಿನ ಬೆಲೆ, ಮೆಣಸಿನ ಬಳ್ಳಿಯ ಬೆಲೆ ಸೇರಿಸಿದರೆ ಮತ್ತೆ ಮುಂದೆ ಹೋಗುತ್ತದೆ.

ನಿಮ್ಮ ತೋಟದ ಸೂತ್ರ

600, 80, 5 ಎಂಬ ಅಂಕಿಗಳನ್ನು ನಾವು ಕಲ್ಪಿಸಿದೆವು. ನಿಮ್ಮ ತೋಟದ ಅಂಕಿಗಳು ನಿಮ್ಮ ತೋಟದಲ್ಲೇ ಸಿಗಬೇಕು. ಒಂದೇ ವಯಸ್ಸಿನ, ಒಂದೇ ಬಗೆಯ ಮಣ್ಣಿನ ಮೂರು ಪಟ್ಟಿಗಳನ್ನು ಗುರುತು ಮಾಡಿ. ಒಂದಕ್ಕೆ ಗೊಬ್ಬರವಿಲ್ಲ, ಒಂದಕ್ಕೆ ಎಕರೆಗೆ ನಾಲ್ಕು ಚೀಲದ ಲೆಕ್ಕ, ಇನ್ನೊಂದಕ್ಕೆ ಎಂಟು ಚೀಲದ ಲೆಕ್ಕ. ಪ್ರತಿ ಪಟ್ಟಿಯ ಮಾಲನ್ನು ಬೇರೆಯಾಗಿ ತೂಗಿ ಎಕರೆಗೆ ಎಷ್ಟೆಂದು ಬರೆಯಿರಿ. 600, 840, 920 ಬಂತೆನ್ನೋಣ. ಮೊದಲ ಏರಿಕೆ 240, ಎರಡನೆಯದು 80. ಎರಡನೆಯದು 160 ಕಡಿಮೆ. ಈ 160ನ್ನು 32ರಿಂದ (ನಾಲ್ಕರ ವರ್ಗದ ಎರಡರಷ್ಟು) ಭಾಗಿಸಿದರೆ 5; ಇದು ಗ² ಹಿಂದಿನ ಅಂಕಿ. ಮೊದಲ ಏರಿಕೆ 240ಕ್ಕೆ 5 × 16 = 80 ಸೇರಿಸಿ, ಬಂದ 320ನ್ನು ನಾಲ್ಕರಿಂದ ಭಾಗಿಸಿದರೆ 80; ಇದು ಗ ಹಿಂದಿನ ಅಂಕಿ. ಇಷ್ಟಾದರೆ ಸೂತ್ರ ಸಿದ್ಧ.

ಒಂದು ವರ್ಷದ ತೂಕವನ್ನು ನಂಬಬೇಡಿ. ಕಾಫಿ ಒಂದು ವರ್ಷ ಬಂದು ಇನ್ನೊಂದು ವರ್ಷ ಕೈಕೊಡುವ ಬೆಳೆ. ಅಡಿಕೆಗೆ ಕೊಳೆರೋಗ ಬಂದರೆ ಅಂಕಿಗಳೆಲ್ಲ ಅಡಿಮೇಲಾಗುತ್ತವೆ. ಕಡಿಮೆಯೆಂದರೆ ನಾಲ್ಕು ವರ್ಷದ ಸರಾಸರಿ ತೆಗೆಯಿರಿ. ಪಟ್ಟಿಗಳ ನಡುವೆ ಎರಡು ಸಾಲು ಬಿಟ್ಟು, ಆ ಸಾಲಿನ ಮಾಲನ್ನು ಯಾವ ಪಟ್ಟಿಗೂ ಸೇರಿಸಬೇಡಿ. ಬೇರು ಪಕ್ಕದ ಗೊಬ್ಬರವನ್ನು ಕದಿಯುತ್ತದೆ. ಇಳಿಜಾರಿನ ತೋಟವಾದರೆ ಪಟ್ಟಿಗಳನ್ನು ಮೇಲಿನಿಂದ ಕೆಳಕ್ಕೆ ಉದ್ದಕ್ಕೆ ಹಾಕಿ. ಅಡ್ಡ ಹಾಕಿದರೆ ಮೇಲಿನ ಪಟ್ಟಿಗೆ ಕೊಟ್ಟದ್ದು ಆಷಾಢದ ಮಳೆಗೆ ಕೆಳಗಿನ ಪಟ್ಟಿಗೆ ಇಳಿದು, ಏನೂ ಹಾಕದ ಕಡೆಯೇ ಹೆಚ್ಚು ತೂಗೀತು.